ಮನೆಯಲ್ಲಿ ಓಟಿದ್ದದ್ದು ಒಬ್ಬಳಿಗೆ

ವೀರೇಂದ್ರನ ಮನೆಯಲ್ಲಿ ನಾಲ್ಕು ಜನರಿದ್ದರು. ಓಟು ಇದ್ದದ್ದು ಮಗಳು ಅನುಶ್ರೀಗೆ ಮಾತ್ರ.

ಅವಳು ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪಿಸ್ಕಾಟವೇಯಲ್ಲಿ, ಹಾಗಾಗಿ ಹುಟ್ಟಿನಿಂದಲೇ ಅಲ್ಲಿನ ಪ್ರಜೆ. ಆಗ ವೀರೇಂದ್ರ ಅಲ್ಲಿನ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದ. ಓದು ಮುಗಿದ ಮೇಲೆ ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಹುಬ್ಬಳ್ಳಿಗೆ ಮರಳಿದರು. ಅವನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ ವರ್ಷಗಳನ್ನು ಕಳೆದ. ಆಮೇಲೆ ನ್ಯೂಜೆರ್ಸಿಯ ಟೆಲಿಕಾಂ ಕಂಪನಿಯೊಂದು ಕರೆಯಿತು. ಎಲ್ಲರೂ ಮತ್ತೆ ಅದೇ ಊರಿಗೆ ಬಂದು ಬಾಡಿಗೆ ಟೌನ್‌ಹೌಸ್‌ನಲ್ಲಿ ನೆಲೆಸಿದರು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ತಪ್ಪು ತಾರೀಖು ಹಿಡಿದು ಕೆಟ್ಟು ನಿಲ್ಲುತ್ತವೆ ಎಂದು ಕಂಪನಿಗಳೆಲ್ಲ ಗಾಬರಿಯಾಗಿದ್ದ ಕಾಲ ಅದು. ವೀರೇಂದ್ರನಿಗೆ ಕೈತುಂಬ ಕೆಲಸವಿತ್ತು. ಗ್ರೀನ್ ಕಾರ್ಡ್ ಮಾತ್ರ ಬರಬೇಕಾಗಿತ್ತು. ಹೆಂಡತಿ ಸುಪ್ರಿಯಾ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ತಾಯಿ ಕಮಲವ್ವ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಅನುಶ್ರೀಗೆ ಹದಿನೆಂಟು ತುಂಬಿತ್ತು. ಅಪ್ಪ ಓದಿದ ಯೂನಿವರ್ಸಿಟಿಯಲ್ಲೇ ಅವಳೂ ಮೊದಲ ವರ್ಷದಲ್ಲಿದ್ದಳು. ಆ ನವೆಂಬರ್‌ನಲ್ಲಿ ರಾಜ್ಯದ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವರ, ಚುನಾವಣೆ.

"ನೋಡವಾ ಅನು, ನಾನು ಟ್ಯಾಕ್ಸ್ ಕಟ್ಟತೀನಿ, ನಿಮ್ಮವ್ವನೂ ಕಟ್ಟತಾಳ. ಆದರ ಹೇಳಾಕ ಬರೂದು ನಿನಗೊಬ್ಬಾಕಿಗೆ. ಸುಮ್ನ ಯಾರಿಗರೆ ಒತ್ತಿ ಬರಬ್ಯಾಡ" ಎಂದ ವೀರೇಂದ್ರ, ಸೆಪ್ಟೆಂಬರ್‌ನ ಒಂದು ಭಾನುವಾರ.

"ಐ ನೋ ಪಪ್ಪಾ. ನಾನೂ ಓದಾಕತ್ತೀನಿ."

ಕಣದಲ್ಲಿ ಇದ್ದವರು ಇಬ್ಬರು. ಡೋರನ್ ಎಂಬಾತ ವಕೀಲ, ನೋಡಲು ಲಕ್ಷಣವಾಗಿದ್ದ, ಟೀವಿಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದ. ಕಾರ್ ಇನ್ಶೂರೆನ್ಸ್ ಇಳಿಸುತ್ತೇನೆ, ಮನೆ ತೆರಿಗೆ ಏರಲು ಬಿಡುವುದಿಲ್ಲ ಎಂದು ಅವನ ಮಾತು. ಪಲೆಟ್ಟಿ ಎಂಬಾತ ವರ್ಷಗಟ್ಟಲೆ ಜಿಲ್ಲೆಯೊಂದರ ಆಡಳಿತ ನಡೆಸಿದವನು. ದಪ್ಪ ಮೈ, ಒರಟು ದನಿ. ಹಳೆಯ ನಗರಗಳ ಬಡ ಶಾಲೆಗಳಿಗೆ ಹೆಚ್ಚು ಹಣ ಕೊಡಬೇಕು, ರೈಲು ಸುಧಾರಿಸಬೇಕು, ಇನ್ಶೂರೆನ್ಸ್ ಅಷ್ಟು ಸುಲಭವಾಗಿ ಇಳಿಯುವುದಿಲ್ಲ ಎಂದು ಅವನು ಹೇಳುತ್ತಿದ್ದ.

ವೀರೇಂದ್ರನಿಗೆ ಮೇಷ್ಟರ ಅಭ್ಯಾಸ ಹೋಗಿರಲಿಲ್ಲ. ಇಬ್ಬರ ಭಾಷಣಗಳನ್ನೂ ಪತ್ರಿಕೆಯಿಂದ ಕತ್ತರಿಸಿ ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದ. ಡೋರನ್ ಕೊಡುತ್ತೇನೆ ಎನ್ನುವುದಕ್ಕೆಲ್ಲ ಆಧಾರ ಎಲ್ಲಿದೆ ಎಂದು ಹುಡುಕಿದ, ಸಿಗಲಿಲ್ಲ. ಪಲೆಟ್ಟಿಯ ಲೆಕ್ಕ ಮುಕ್ಕಾಲು ಪಾಲು ಸರಿ ಕೂಡುತ್ತಿತ್ತು. "ಈ ಮನಷಾ ಕೊಡ್ತೀನಿ ಅನ್ನೂದು ಕಡಿಮಿ, ಆದರ ಕೊಡೂ ಹಂಗ ಕಾಣ್ತದ" ಎಂದು ಮಗಳಿಗೆ ವಿವರಿಸಿದ.

ಸುಪ್ರಿಯಾ ಒಪ್ಪಲಿಲ್ಲ. "ನನಗ ಗೊತ್ತಿರೂದು ಒಂದ. ಇನ್ಶೂರೆನ್ಸ್ ಬಿಲ್ ಬಂದಾಗ ಎದಿ ಧಸಕ್ ಅಂತದ. ಡೋರನ್ ಅರ್ಧ ಸುಳ್ಳು ಹೇಳಿದರೂ ಇನ್ನರ್ಧ ನಮಗ ಉಳೀತದಲ್ಲ?"

"ಆ ಚಂದ ಹುಡುಗನ ಇರ್ಲಿ" ಎಂದರು ಕಮಲವ್ವ. ಅವರಿಗೆ ಡೋರನ್ ಹಿಡಿಸಿದ್ದಕ್ಕೆ ಕಾರಣ ಬೇರೆ. ಟೀವಿಯಲ್ಲಿ ಅವನ ಹೆಂಡತಿ ಸದಾ ಪಕ್ಕದಲ್ಲಿ ನಿಂತಿರುತ್ತಿದ್ದಳು.

ಅನುಶ್ರೀ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಶನಿವಾರಗಳಲ್ಲಿ ಅವಳು ಗೆಳತಿಯರ ಜೊತೆ ಪಕ್ಕದ ನಗರದ ಒಂದು ಶಾಲೆಗೆ ಹೋಗಿ ಚಿಕ್ಕ ಮಕ್ಕಳಿಗೆ ಓದಲು ಕಲಿಸುತ್ತಿದ್ದಳು. ಅಲ್ಲಿ ಮೂವರು ಮಕ್ಕಳಿಗೆ ಒಂದು ಪುಸ್ತಕ. ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದರು. ಅಪ್ಪನ ವಿವರಣೆ ಕೇಳುವಾಗ ಅವಳಿಗೆ ಆ ಕಿಟಕಿ ಕಣ್ಣ ಮುಂದೆ ಬರುತ್ತಿತ್ತು. ಆದರೂ ಪಲೆಟ್ಟಿಗೇ ಹಾಕುತ್ತೇನೆ ಎಂದು ಅವಳು ಹೇಳಲಿಲ್ಲ. ಇನ್ನೂ ಸಮಯವಿದೆ ಎಂದಳು.

ಅಕ್ಟೋಬರ್ ಮೊದಲಲ್ಲಿ ಮುಕುಂದ್ ಫೋನ್ ಮಾಡಿದ. ಅವನು ಮೈಸೂರಿನವನು, ವೆಸ್ಟ್ ವಿಂಡ್ಸರ್‌ನಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡಿದ್ದ, ಸಿಟಿಜನ್ ಆಗಿ ಎಷ್ಟೋ ವರ್ಷವಾಗಿತ್ತು. ಪಲೆಟ್ಟಿಯ ಪರವಾಗಿ ಓಡಾಡುತ್ತಿದ್ದ. "ವೀರೇಂದ್ರ, ಭಾನುವಾರ ಪಲೆಟ್ಟಿ ನಮ್ಮನೇಗೇ ಬರ್ತಿದಾರೆ ಕಣ್ರೀ. ಎಲ್ಲರೂ ಬನ್ನಿ. ಏನಾದ್ರೂ ಕೇಳೋದಿದ್ರೆ ನೇರವಾಗಿ ಕೇಳ್ಬಿಡಬಹುದು."

ವೀರೇಂದ್ರನಿಗೆ ಕೇಳುವುದು ಇತ್ತು. ಪಲೆಟ್ಟಿಯ ಲೆಕ್ಕದಲ್ಲಿ ಕೂಡದೆ ಉಳಿದಿದ್ದ ಕಾಲು ಭಾಗ ಅದು. ಆ ವರ್ಷ ಷೇರು ಪೇಟೆ ಏರುತ್ತಿತ್ತು, ಕಂಪನಿಗಳು ಬೆಳೆಯುತ್ತಿದ್ದವು, ರಾಜ್ಯಕ್ಕೆ ತೆರಿಗೆ ಹರಿದು ಬರುತ್ತಿತ್ತು. ಇಬ್ಬರು ಅಭ್ಯರ್ಥಿಗಳೂ ಅದು ಹೀಗೇ ಇರುತ್ತದೆ ಎಂದುಕೊಂಡು ಮಾತಾಡುತ್ತಿದ್ದರು. ಇಳಿದರೆ ಏನು ಮಾಡುತ್ತೀರಿ? ವಾರವೆಲ್ಲ ಅವನು ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ತಿದ್ದಿ ತೀಡಿ ಚಿಕ್ಕದು ಮಾಡಿದ. ಭಾನುವಾರ ಸೂಟು ಹಾಕಿಕೊಂಡ.

ಮುಕುಂದನ ಮನೆಯ ಹಾಲ್ ತುಂಬಿತ್ತು. ಪಲೆಟ್ಟಿ ತಡವಾಗಿ ಬಂದ, ಐದು ನಿಮಿಷ ಮಾತಾಡಿದ, ಆಮೇಲೆ ಒಬ್ಬೊಬ್ಬರ ಕೈ ಕುಲುಕುತ್ತ ಬಂದ. ವೀರೇಂದ್ರನ ಕೈ ಹಿಡಿದಾಗ ವೀರೇಂದ್ರ ತನ್ನ ಪ್ರಶ್ನೆ ಶುರು ಮಾಡಿದ. ಪಲೆಟ್ಟಿ ತಲೆಯಾಡಿಸುತ್ತ ಕೇಳುತ್ತಿದ್ದ. ಪಕ್ಕದಲ್ಲಿದ್ದ ಅವನ ಸಹಾಯಕ ನಡುವೆ ಬಾಯಿ ಹಾಕಿ, ನೀವು ಇಲ್ಲಿ ಓಟಿಗೆ ಹೆಸರು ನೋಂದಾಯಿಸಿದ್ದೀರಾ ಎಂದು ಕೇಳಿದ. ಇಲ್ಲ, ನಾನು ಇನ್ನೂ ವೀಸಾದಲ್ಲಿದ್ದೇನೆ ಎಂದ ವೀರೇಂದ್ರ. ಸಹಾಯಕ ಪಲೆಟ್ಟಿಯ ಮೊಣಕೈ ಮುಟ್ಟಿದ. ಪಲೆಟ್ಟಿ "ಒಳ್ಳೆಯ ಪ್ರಶ್ನೆ" ಎಂದು ನಕ್ಕು, ವೀರೇಂದ್ರನ ಭುಜ ತಟ್ಟಿ, ಮುಂದಿನವರ ಕಡೆ ಹೊರಳಿದ.

ಅನುಶ್ರೀ ಎರಡು ಹೆಜ್ಜೆ ದೂರದಲ್ಲಿ ಜ್ಯೂಸ್ ಹಿಡಿದು ನಿಂತು ಇದನ್ನೆಲ್ಲ ನೋಡಿದಳು. ಅಪ್ಪ ಸ್ವಲ್ಪ ಹೊತ್ತು ಹಾಗೇ ಮುಗುಳ್ನಗುತ್ತ ನಿಂತಿದ್ದ. ಆ ನಗುವನ್ನು ಏನು ಮಾಡಬೇಕೆಂದು ಅವನಿಗೇ ತಿಳಿದಿರಲಿಲ್ಲ.

ಎಲ್ಲರೂ ಕಾರಿನಲ್ಲಿ ಹೊರಟರು. ಮನೆ ಹತ್ತಿರ ಬಂದಾಗ ವೀರೇಂದ್ರ ಮಗಳಿಗೆ ಹೇಳಿದ. "ಡೋರನ್‌ಗೆ ಹಾಕು."

"ಯಾಕ ಪಪ್ಪಾ? ಮುಂಜಾನಿಂದ ಈಗಿನ ತನಕ ಲೆಕ್ಕ ಏನ್ ಚೇಂಜ್ ಆತು?"

"ನಿನಗ ತಿಳಿಯೂದಿಲ್ಲ."

"ನಿಮಗ ಸಿಟ್ಟು ಬಂದದ. ಸಿಟ್ಟು ಬಂದ್ರ ತಪ್ಪಿಲ್ಲ. ಆದರ ಅದು ಲೆಕ್ಕ ಅಲ್ಲ."

ವೀರೇಂದ್ರ ಕಾರು ನಿಲ್ಲಿಸಿದ, ಇಳಿಯಲಿಲ್ಲ. "ಲೆಕ್ಕನ ಹೇಳ್ತೀನಿ, ಕೇಳು. ಓಟಿಲ್ಲದವನ ಮಾತು ಆ ಮನಷಾ ಪೂರಾ ಕೇಳಲಿಲ್ಲ. ನಿನ್ನ ಶನಿವಾರದ ಸಾಲಿ ಹುಡುಗರಿಗೆ ಓಟು ಅದ ಏನು? ನಾಳೆ ಅವರ ಮಾತು ಕೇಳ್ತಾನೇನು?"

ಅಪ್ಪನ ಸಿಟ್ಟಿನೊಳಗೆ ನಿಜವೂ ಇದೆ ಎಂದು ಅನುಶ್ರೀಗೆ ಅನಿಸಿತು. ಒಬ್ಬ ಮನುಷ್ಯನನ್ನು ಅವನ ಯೋಜನೆಗಳಿಂದ ಅಳೆಯಬೇಕೋ, ತನಗೆ ಪ್ರಯೋಜನವಿಲ್ಲದವರ ಜೊತೆ ಅವನು ನಡೆದುಕೊಳ್ಳುವ ರೀತಿಯಿಂದಲೋ? ಅವಳು ಅದನ್ನು ಬಸ್ಸಿನಲ್ಲಿ, ಲೈಬ್ರರಿಯಲ್ಲಿ, ಊಟದ ನಡುವೆ ಯೋಚಿಸಿದಳು. ಡೋರನ್ ಬಗ್ಗೆಯೂ ಇನ್ನಷ್ಟು ಓದಿದಳು. ಅವನು ಓಟಿಲ್ಲದವರ ಜೊತೆ ಹೇಗಿದ್ದಾನೆಂದು ತಿಳಿಯಲು ಅವಳಿಗೆ ದಾರಿಯೇ ಇರಲಿಲ್ಲ. ಶಾಲೆಗಳ ಬಗ್ಗೆ ಮಾತ್ರ ಅವನು ಸ್ಪಷ್ಟವಾಗಿದ್ದ. ಹಳೆಯ ನಗರಗಳಿಗೆ ಈಗ ಕೊಡುತ್ತಿರುವುದೇ ಹೆಚ್ಚಾಯಿತು ಎಂದಿದ್ದ.

ಚುನಾವಣೆಗೆ ಎರಡು ವಾರವಿದ್ದಾಗ ಪಲೆಟ್ಟಿ ಅವಳ ಕ್ಯಾಂಪಸ್ಸಿಗೆ ಬಂದ. ಸಣ್ಣ ಸಭೆ, ಕುರ್ಚಿಗಳು ಅರ್ಧ ಖಾಲಿ, ಹಿಂದೆ ಒಂದಿಬ್ಬರು ಪತ್ರಕರ್ತರು. ಪ್ರಶ್ನೆ ಕೇಳುವ ಹೊತ್ತು ಬಂದಾಗ ಅನುಶ್ರೀ ಕೈ ಎತ್ತಿದಳು.

"ಇದು ನನ್ನ ತಂದೆಯ ಪ್ರಶ್ನೆ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. "ವೆಸ್ಟ್ ವಿಂಡ್ಸರ್‌ನ ಒಂದು ಮನೆಯಲ್ಲಿ ಅವರು ನಿಮ್ಮನ್ನು ಕೇಳಿದರು. ಅವರಿಗೆ ಓಟಿಲ್ಲ ಎಂದು ಗೊತ್ತಾದ ಮೇಲೆ ನೀವು ಮುಂದೆ ಹೋದಿರಿ."

ಸಹಾಯಕ ಮುಂದೆ ಬಂದ. ಪಲೆಟ್ಟಿ ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದ.

"ನನಗೆ ಅವರು ನೆನಪಿಲ್ಲ" ಎಂದ. "ನೆನಪಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನೀನು ಹೇಳಿದಂತೆ ಆಗಿರಬಹುದು. ಪ್ರಶ್ನೆ ಏನು?"

ಅವಳು ಕೇಳಿದಳು. ಈಗ ದುಡ್ಡು ಬರುತ್ತಿದೆ. ಪೇಟೆ ಬಿದ್ದರೆ, ಕಂಪನಿಗಳು ಕುಗ್ಗಿದರೆ, ಶಾಲೆಗಳಿಗೆ ಕೊಟ್ಟ ಮಾತು ಏನಾಗುತ್ತದೆ?

ಪಲೆಟ್ಟಿ ನೆಲ ನೋಡಿದ. ಮೂಗು ಉಜ್ಜಿಕೊಂಡ. "ಆಗ ತೆರಿಗೆ ಏರಿಸಬೇಕಾಗುತ್ತದೆ" ಎಂದ. "ಮಕ್ಕಳಿಗೆ ಕೊಟ್ಟದ್ದನ್ನು ನಾನು ಕಿತ್ತುಕೊಳ್ಳುವುದಿಲ್ಲ."

ಹಿಂದೆ ಕುಳಿತ ಪತ್ರಕರ್ತರು ಬರೆದುಕೊಂಡರು. ಒಬ್ಬನ ಟೇಪ್ ರೆಕಾರ್ಡರ್ ತಿರುಗುತ್ತಿತ್ತು.

ಮರುದಿನ ಪತ್ರಿಕೆಗಳಲ್ಲಿ ಬಂದದ್ದು ಮೊದಲ ವಾಕ್ಯ ಮಾತ್ರ. ಮೂರನೆಯ ದಿನಕ್ಕೆ ಅದು ಡೋರನ್‌ನ ಜಾಹೀರಾತಾಯಿತು. ಊಟಕ್ಕೆ ಕುಳಿತಾಗ, ನ್ಯೂಸ್ ನಡುವೆ, ಹವಾಮಾನ ಹೇಳುವ ಮೊದಲು, ಪಲೆಟ್ಟಿಯ ಒರಟು ದನಿ ಅದೊಂದೇ ಮಾತನ್ನು ಹೇಳುತ್ತಿತ್ತು. ತೆರಿಗೆ ಏರಿಸಬೇಕಾಗುತ್ತದೆ. ಹಿಂದೆ ಕಪ್ಪು ಬಿಳುಪಿನಲ್ಲಿ ಅವನ ದಪ್ಪ ಮುಖ.

ಮುಕುಂದ್ ಫೋನ್ ಮಾಡಿದ. ವೀರೇಂದ್ರ ಎತ್ತಿಕೊಂಡ. ಮುಕುಂದನ ದನಿ ಮೇಜಿನವರೆಗೂ ಕೇಳುತ್ತಿತ್ತು. "ಏನ್ರೀ ಇದು! ನಿಮ್ಮ ಮಗಳೇ ಅಂತಲ್ಲ ಕೇಳಿದ್ದು? ಎಷ್ಟು ತಿಂಗಳ ಕೆಲಸ ಹಾಳಾಯ್ತು ಗೊತ್ತಾ? ಮಕ್ಕಳಿಗೆ ಎಲ್ಲಿ ಏನು ಕೇಳ್ಬೇಕು ಅಂತ ಸ್ವಲ್ಪ ಹೇಳ್ಕೊಡಬೇಕಿತ್ತು."

ಅನುಶ್ರೀ ತಟ್ಟೆ ನೋಡುತ್ತ ಕುಳಿತಳು.

"ಪ್ರಶ್ನೆ ನಂದ್ರೀ" ಎಂದ ವೀರೇಂದ್ರ. "ನಿಮ್ಮ ಮನಿಯೊಳಗ ಅವರು ಉತ್ತರ ಕೊಟ್ಟಿದ್ರ ಅದು ನಾಲ್ಕು ಗ್ವಾಡಿ ನಡುವ ಉಳೀತಿತ್ತು. ನನ್ನ ಮಗಳು ತಪ್ಪು ಮಾಡಿಲ್ಲ." ಫೋನ್ ಇಟ್ಟು ಬಂದು ಕುಳಿತ. ರೊಟ್ಟಿ ಮುರಿದ, ತಿನ್ನಲಿಲ್ಲ.

"ಅಂವ ಖರೇನ ಹಂಗಂದ ಏನು? ನೆನಪಿಲ್ಲ ಅಂದ್ನಾ?" ಎಂದು ಮಗಳನ್ನು ಕೇಳಿದ.

"ಹೂಂ. ನೆನಪ ಅದ ಅಂದ್ರ ಸುಳ್ಳಾಗ್ತದ ಅಂದ."

"ಆಮ್ಯಾಲೆ?"

ಅವಳು ಮೊದಲಿಂದ ಹೇಳಿದಳು. ನೆಲ ನೋಡಿದ್ದು, ಮೂಗು ಉಜ್ಜಿಕೊಂಡದ್ದು, ಸಹಾಯಕನನ್ನು ತಡೆದದ್ದು. ವೀರೇಂದ್ರ ಇನ್ನೊಮ್ಮೆ ಹೇಳು ಎಂದ. ಪಲೆಟ್ಟಿಯ ಎರಡನೆಯ ವಾಕ್ಯ ಬಂದಾಗ ಮೆಲ್ಲಗೆ ತಲೆಯಾಡಿಸಿದ. ಅವನ ಲೆಕ್ಕದ ಕಾಲು ಭಾಗ ಈಗ ಕೂಡಿತ್ತು. ಅದು ಕೂಡಿದ್ದರಿಂದಲೇ ಆ ಮನುಷ್ಯ ಸೋಲಲಿದ್ದ.

ಓಟಿನ ದಿನ ಸಂಜೆ ವೀರೇಂದ್ರ ಮಗಳನ್ನು ಮತಗಟ್ಟೆಯಿದ್ದ ಫೈರ್‌ಹೌಸ್‌ಗೆ ಕರೆದುಕೊಂಡು ಹೋದ. ಕಮಲವ್ವನೂ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕುಳಿತರು. ಇಲ್ಲಿಯವರು ಹೇಗೆ ಓಟು ಹಾಕುತ್ತಾರೆಂದು ಅವರಿಗೆ ನೋಡಬೇಕಾಗಿತ್ತು. ಪೊಲೀಸರಿಲ್ಲ, ಗದ್ದಲವಿಲ್ಲ, ನಾಲ್ಕೈದು ಕಾರು ಮಾತ್ರ. ಅವರಿಗೆ ನಿರಾಸೆಯಾಯಿತು.

ಇಳಿಯುವ ಮುನ್ನ ಅನುಶ್ರೀ ಅಪ್ಪನ ಕಡೆ ತಿರುಗಿದಳು. "ನಾ ಪಲೆಟ್ಟಿಗೆ ಹಾಕ್ತೀನಿ ಪಪ್ಪಾ. ನಿಮಗ ಅಂವ ಮಾಡಿದ್ದು ನಾ ಮರತಿಲ್ಲ. ಬಟ್ ಐ ಸ್ಟಿಲ್ ಥಿಂಕ್ ಹೀ ಈಸ್ ಬೆಟರ್."

"ಹಾಕು" ಎಂದ ವೀರೇಂದ್ರ. "ನನಗ ಓಟಿದ್ದಿದ್ರ ಅವಂಗ ಹಾಕ್ತಿದ್ನೋ ಇಲ್ಲೋ ಇನ್ನೂ ಗೊತ್ತಿಲ್ಲ. ನನಗ ಆ ಕೈ ತಟ್ಟಿದ್ದು ಭುಜದ ಮ್ಯಾಲೆ ಇನ್ನೂ ಅದ. ನೀ ಹಾಕು" ಎಂದ.

ಅವಳು ಒಳಗೆ ಹೋದಳು. ಅವನು ಬಾಗಿಲ ಹೊರಗೆ, ಕೆಂಪು ಫೈರ್ ಎಂಜಿನ್ನಿನ ಪಕ್ಕದಲ್ಲಿ, ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತ.

ಡೋರನ್ ಗೆದ್ದ. ಅಂತರ ಬಹಳವಿರಲಿಲ್ಲ. ಟೀವಿಯಲ್ಲಿ ಅವನ ಹೆಂಡತಿ ಪಕ್ಕದಲ್ಲಿ ನಿಂತು ಕೈ ಬೀಸಿದಳು. ಕಮಲವ್ವ ಸಂತೋಷಪಟ್ಟರು. ಸುಪ್ರಿಯಾ "ನೋಡೋಣು, ಬಿಲ್ ಇಳೀತದೋ ಏನೋ" ಎಂದಳು, ಆದರೆ ಮಗಳ ಮುಖ ನೋಡಿ ಟೀವಿ ಆರಿಸಿದಳು.

"ನಾ ಕೇಳದ ಇದ್ದಿದ್ರ ಅಂವ ಗೆಲ್ತಿದ್ದನೇನೋ" ಎಂದಳು ಅನುಶ್ರೀ. ಅವಳ ಕಣ್ಣು ತುಂಬಿತ್ತು.

ಕಾಲೇಜಿನಲ್ಲಿ ಪಾಠ ಹೇಳುವಾಗ ಹುಡುಗರು ಉತ್ತರವಿಲ್ಲದ್ದನ್ನು ಕೇಳಿದರೆ ವೀರೇಂದ್ರ ಕಿಟಕಿಯ ಹೊರಗೆ ನೋಡುತ್ತಿದ್ದ. ಈಗಲೂ ಹಾಗೇ ನೋಡಿದ.

"ಇರಬಹುದವಾ" ಎಂದ ಕಡೆಗೆ. "ಇರಬಹುದು. ನಾ ಸುಳ್ಳು ಹೇಳಿ ಸಮಾಧಾನ ಮಾಡೂದಿಲ್ಲ. ಆದರ ಕೇಳದ ಇದ್ದಿದ್ರ, ನೀ ಎಂಥಾ ಮನಷಾಗ ಹಾಕಿದಿ ಅನ್ನೂದು ನಿನಗ ಗೊತ್ತಾಗ್ತಿರಲಿಲ್ಲ."

ಅವಳು ಕಣ್ಣೊರೆಸಿಕೊಂಡಳು. ಸುಪ್ರಿಯಾ ಒಳಗಿನಿಂದ ಚಹಾ ತಂದು ಇಬ್ಬರ ಮುಂದೆಯೂ ಇಟ್ಟಳು. ತಾನೂ ಒಂದು ಕಪ್ ಹಿಡಿದು ಕುರ್ಚಿ ಎಳೆದು ಕುಳಿತಳು. "ಆ ಸಾಲಿ ಎಲ್ಲಿ ಬರತದ, ಅನು? ನಾನೂ ಒಂದು ಶನಿವಾರ ಬರ್ತೀನಿ" ಎಂದಳು.