ಮೂರು ಮನೆಗೆ ಒಂದೇ ಮುಖ

ಹತ್ತಿಮತ್ತೂರಿನ ಶಿವಬಸವ್ವ ಸೀಮಂತದ ಊಟಕ್ಕೆಂದು ಚಿಕ್ಕೇರೂರಿನ ಬೀಗರ ಮನೆಗೆ ಹೋದವಳು ಎಲೆ ಹಾಕುವ ಮೊದಲೇ ಜಗಳ ತೆಗೆದಳು. ತೆಗೆಯದೆ ಏನು ಮಾಡಿಯಾಳು? ಸತ್ತು ಮೂವತ್ತು ವರ್ಷವಾದ ಅವಳ ಗಂಡ ಬೀಗರ ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ.

"ನನ್ನ ಗಂಡನ್ನ ನಿಮ್ಮ ಗ್ವಾಡಿಗೆ ಯಾಕ ಹಾಕೀರಿ?"

"ಬಿಸಲಾಗ ಬಂದೀರಿ, ಮೊದ್ಲ ನೀರು ಕುಡೀರಿ. ಅವ್ರು ನಮ್ಮ ಮುತ್ತ್ಯಾರು" ಎಂದು ಬೀಗರು ನಕ್ಕರು. ಶಿವಬಸವ್ವ ಮೊಮ್ಮಗಳ ಫೋನು ಕಸಿದುಕೊಂಡು ತನ್ನ ಮನೆಯ ಗೋಡೆಯ ಮೇಲಿದ್ದ ಗಂಡನ ಫೋಟೋ ಅದರಲ್ಲಿ ತೆಗೆಸಿ ತೋರಿಸಿದಳು. ಇಲ್ಲಿ ರುಮಾಲು, ಅಲ್ಲಿ ಗಾಂಧಿ ಟೋಪಿ. ಅದರ ಕೆಳಗಿನ ಮುಖ ಮಾತ್ರ ಒಂದೇ.

ಈ ಸುದ್ದಿ ಮರುದಿನ ಬೆಳಿಗ್ಗೆ ಬಂಕಾಪುರದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ವಿದ್ಯಾಶ್ರೀಯ ಅಂಗಡಿಗೆ ತಲುಪಿದ್ದು ವಾಟ್ಸಾಪಿನಲ್ಲಿ. ಜೆರಾಕ್ಸು, ಫೋಟೋ, ಫ್ಲೆಕ್ಸು, ಆನ್‌ಲೈನ್ ಅರ್ಜಿ, ಇಷ್ಟೂ ಅವಳ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದವು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಅವಳಂತೆಯೇ ಅಂಗಡಿ ಇಟ್ಟ ಅರವತ್ತು ಮಂದಿ ಸೇರಿ 'ನಾಲ್ಕು ತಾಲೂಕು ಡಿಸೈನರ್ಸ್' ಎಂದು ಗುಂಪು ಕಟ್ಟಿಕೊಂಡಿದ್ದರು. ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ: ಕೆಲಸ ಹಗುರ ಮಾಡುವ ಟೂಲು ಯಾರಿಗೆ ಸಿಕ್ಕರೂ ಮುಚ್ಚಿಡದೆ ಹಂಚಬೇಕು. ಪಾಸ್‌ಪೋರ್ಟ್ ಫೋಟೋದ ಹಿಂದಿನ ಬಣ್ಣ ಬದಲಿಸುವುದು, ಅರ್ಜಿಗೆ ಹಾಕುವ ಫೈಲನ್ನು ಸಣ್ಣದು ಮಾಡುವುದು, ಎಲ್ಲ ಹೀಗೆ ಒಬ್ಬರಿಂದ ಒಬ್ಬರಿಗೆ ಬಂದದ್ದೇ. ಪಕ್ಕದ ಅಂಗಡಿಯವನು ಮುಂದೆ ಹೋದಾನೆಂದು ಹೊಟ್ಟೆಕಿಚ್ಚು ಪಡುವ ಈ ಕಾಲದಲ್ಲಿ ಅದು ದೊಡ್ಡ ಮಾತು.

ವಿದ್ಯಾಶ್ರೀ ಹಂಚಿದ ಟೂಲು ಎಲ್ಲಕ್ಕಿಂತ ಹೆಸರು ಮಾಡಿತ್ತು. ಎಷ್ಟೇ ಹಾಳಾದ ಹಳೆಯ ಫೋಟೋ ಹಾಕಿದರೂ ಇಪ್ಪತ್ತು ಸೆಕೆಂಡಿನಲ್ಲಿ ನಿನ್ನೆ ತೆಗೆದಂತೆ ಮಾಡಿ ಕೊಡುವ ವೆಬ್‌ಸೈಟು ಅದು. ಅವಳು ಅದನ್ನು ಹುಡುಕಿದ್ದು ಗಿರಾಕಿಗಾಗಿ ಅಲ್ಲ, ತನ್ನ ತಂದೆ ಚೌಡಪ್ಪನಿಗಾಗಿ. ಅವನು ತೀರಿಕೊಂಡಾಗ ಅವಳಿಗೆ ಎರಡು ವರ್ಷ. ಮನೆಯಲ್ಲಿದ್ದ ಒಂದೇ ಫೋಟೋ ಮಾಸಿ ಹೋಗಿತ್ತು. ಅಪ್ಪನ ಮುಖ ಹೇಗಿತ್ತೆಂದು ತಿಳಿಯದೆಯೇ ಇಪ್ಪತ್ತಾರು ವರ್ಷ ಕಳೆದಿದ್ದ ಅವಳು, ಅಂದು ಪರದೆಯ ಮೇಲೆ ಕಣ್ಣು, ಮೂಗು, ಮೀಸೆ ಮೂಡಿ ಬಂದಾಗ ಅಂಗಡಿಯಲ್ಲೇ ಗಳಗಳ ಅತ್ತಿದ್ದಳು. ಆ ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳಲಾರದೆ ಆ ಕ್ಷಣವೇ ಗುಂಪಿಗೆ ಲಿಂಕು ಕಳಿಸಿದ್ದಳು. ಅದಾಗಿ ಒಂದು ವರ್ಷದಲ್ಲಿ ನಾಲ್ಕು ತಾಲೂಕಿನ ಸತ್ತವರೆಲ್ಲ ಹೊಸ ಮುಖ ಹೊತ್ತು ಗೋಡೆ ಏರಿದ್ದರು.

ಈಗ ಚಿಕ್ಕೇರೂರಿನ ಹಾಲೇಶ ಗುಂಪಿನಲ್ಲಿ ಎರಡು ಫೋಟೋ ಜೋಡಿಸಿ ಹಾಕಿದ್ದ. "ಎಡಕ್ಕಿರೋದು ನಾ ಮಾಡಿದ್ದು. ಬಲಕ್ಕಿರೋದು ಸವಣೂರಿನ ನದೀಮ ಮಾಡಿದ್ದು, ಹತ್ತಿಮತ್ತೂರಿಂದು. ಮಂದಿ ಬ್ಯಾರೆ ಬ್ಯಾರೆ, ಮಾರಿ ಒಂದ. ಇದೇನ್ ಮಾರಾಯ್ರ?"

ಗುಂಪಿನವರಿಗೆ ಮೊದಲು ನಗೆ. "ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರೇನ್ರೋ?" ಎಂದು ಒಬ್ಬ ಕಾಲೆಳೆದ.

ವಿದ್ಯಾಶ್ರೀ ನಗಲಿಲ್ಲ. ಒಂಚೂರು ಮೇಲೆದ್ದ ಆ ಎಡಹುಬ್ಬು, ನಗಬೇಕೋ ಬೇಡವೋ ಎಂಬಂತಿದ್ದ ಆ ತುಟಿ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅವಳು ಕೈಮುಗಿಯುತ್ತಿದ್ದ ಮುಖ ಅದು. ರುಮಾಲು ಅವಳ ಅಪ್ಪನದಲ್ಲ, ಟೋಪಿ ಅವಳ ಅಪ್ಪನದಲ್ಲ. ಮುಖ ಮಾತ್ರ ಅವಳ ಅಪ್ಪನದೇ.

ಆಧಾರ್ ಕಾರ್ಡಿನ ಜೆರಾಕ್ಸಿಗೆ ನಿಂತಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ನದೀಮನಿಗೆ ಫೋನು ಮಾಡಿದಳು. "ನದೀಮಣ್ಣಾ, ನಿಮ್ಮ ಕಡೆ ಮೂಲ ಸ್ಕ್ಯಾನ್ ಐತೇನ್ರಿ? ಅದರಾಗ ಮಾರಿ ಕಾಣತೈತೇನು?"

ನದೀಮ ಹುಡುಕಿ ನೋಡಿ ಹೇಳಿದ. "ಅಕ್ಕಾ, ಅಂಗಿ ಐತಿ, ಟೋಪಿ ಐತಿ. ಮಾರಿ ಇದ್ದ ಜಾಗದಾಗ ಬರೇ ಕೆಂಪು ಕಲಿ. ಕುಂಕುಮ ಹಚ್ಚಿ ಹಚ್ಚಿ ಹೋಗಿಬಿಟ್ಟೈತಿ."

ಅವಳು ತನ್ನ ಕಂಪ್ಯೂಟರಿನಲ್ಲಿ ಅಪ್ಪನ ಹಳೆಯ ಸ್ಕ್ಯಾನ್ ತೆರೆದಳು. ಅಂದು ಅವಸರದಲ್ಲಿ ಅದನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಫೋಟೋದ ಗಾಜು ಎಂದೋ ಒಡೆದಿತ್ತು. ಮತ್ತೆ ಹಾಕಿಸುವುದಕ್ಕೆ ಅವಳ ತಾಯಿ ಅಡಿವೆವ್ವ ಒಪ್ಪಿರಲಿಲ್ಲ. ಗಾಜಿನ ಮೇಲೆ ಹಚ್ಚಿದ ಕುಂಕುಮ ಸತ್ತವರ ಹಣೆಗೆ ಮುಟ್ಟುವುದಿಲ್ಲ ಎಂಬುದು ಅವಳ ತಿಳಿವಳಿಕೆ. ಪ್ರತಿ ಅಮಾವಾಸ್ಯೆಗೆ ಒದ್ದೆ ಬಟ್ಟೆಯಿಂದ ಒರೆಸುವುದು, ಬೆರಳಿನಿಂದ ಕುಂಕುಮ ಹಚ್ಚುವುದು. ಹೀಗೆ ಇಪ್ಪತ್ತಾರು ವರ್ಷ. ಅಂಗಿಯ ಗುಂಡಿಗಳು ಒಂದೂ ಬಿಡದೆ ಉಳಿದಿದ್ದವು. ಪ್ರೀತಿ ಮುಟ್ಟಿದ ಜಾಗವಷ್ಟೇ ಸವೆದು ಹೋಗಿತ್ತು. ಆ ಕೆಂಪು ಕಲೆಯಲ್ಲಿ ಹುಬ್ಬಿರಲಿಲ್ಲ, ಮೂಗಿರಲಿಲ್ಲ, ಅಪ್ಪ ಇರಲಿಲ್ಲ. ಮುಖ ಸಿಗದ ಕಡೆಯಲ್ಲೆಲ್ಲ ಆ ಟೂಲು ತನ್ನ ಹತ್ತಿರವಿದ್ದ ಒಂದು ಮುಖವನ್ನು ತಂದು ಕೂರಿಸಿಬಿಟ್ಟಿತ್ತು.

ಶಟರ್ ಎಳೆದು ಅವಳು ಮನೆಗೆ ಓಡಿದಳು.

ಅಡಿವೆವ್ವ ಹೊಸ್ತಿಲ ಬಳಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಗಳನ್ನು ನೋಡಿ, "ಯಾಕ, ಕರೆಂಟ್ ಹೋತೇನು?" ಎಂದಳು.

"ಅವ್ವಾ, ಖರೇ ಹೇಳು. ಆ ಫೋಟೋದಾಗ ಇರಾಂವ ಅಪ್ಪ ಹೌದೋ ಅಲ್ಲೋ?"

ಅಡಿವೆವ್ವನ ಕೈ ನಿಂತಿತು. ತಲೆ ಎತ್ತದೆಯೇ ಹೇಳಿದಳು. "ಅಲ್ಲ."

ಹೌದು ಅಂದಿದ್ದರೆ ಸುಳ್ಳಾದರೂ ಆಸರೆಯಾಗುತ್ತಿತ್ತು. ವಿದ್ಯಾಶ್ರೀ ಕೇಳಿದಳು. "ನಿನಗ ಯಾವಾಗ ಗೊತ್ತಾತು?"

"ನೀ ತಂದ ದಿನಾನ. ಗಂಡನ ಮಾರಿ ಹೆಂಡ್ತಿಗೆ ಗೊತ್ತಾಗೂದಿಲ್ಲೇನು?"

"ಮತ್ತ ಒಂದು ವರ್ಸ ಬಾಯಿ ಯಾಕ ಮುಚ್ಕೊಂಡು ಕುಂತಿ?"

"ಕನ್ನಡಿ ಮುಂದ ನಿಂತು, 'ಅವ್ವಾ, ನನ್ನ ಮೂಗು ಅಪ್ಪನ ಮೂಗಿನಂಗ ಐತಿ ನೋಡು' ಅಂತ ಕುಣದೆಲ್ಲ, ಅದಕ್ಕ. ಹುಟ್ಟಿದಾಗಿಂದ ನಿನ್ನ ಅಷ್ಟು ಖುಷಿಯಾಗಿ ನೋಡಿದ್ದಿಲ್ಲ ನಾನು. ಅಲ್ಲಂತ ಹೆಂಗ ಹೇಳ್ಲಿ ನನ್ನವ್ವಾ?"

ವಿದ್ಯಾಶ್ರೀಗೆ ತಾಯಿಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ ಬಂತು. ಆದರೂ ಒಂದು ಆಸೆ ಉಳಿದಿತ್ತು. ಫೋಟೋ ಹೋದರೆ ಹೋಗಲಿ, ನೋಡಿದ ಕಣ್ಣು ಎದುರಿಗೇ ಇದೆಯಲ್ಲ. ಹತ್ತಿರ ಕೂತು ತಾಯಿಯ ಮೊಣಕಾಲು ಹಿಡಿದಳು.

"ಹೋಗ್ಲಿ ಬಿಡು. ಈಗ ನೀ ಹೇಳು, ನಾ ಬರಕೊಂತೇನಿ. ಅಪ್ಪನ ಮೂಗು ಹೆಂಗಿತ್ತು? ಹುಬ್ಬು ಹೆಂಗಿದ್ದುವು?"

ಅಡಿವೆವ್ವ ಕಣ್ಣು ಮುಚ್ಚಿದಳು. ಹಣೆ ಗಂಟಿಕ್ಕಿತು. ಕಣ್ಣು ತೆರೆದು ಗೋಡೆಯ ಮೇಲಿನ ಫೋಟೋ ನೋಡಿದಳು, ಗಾಬರಿಯಿಂದ ಮತ್ತೆ ಮುಚ್ಚಿದಳು. ಖಾರದ ಕೈ ಎನ್ನುವುದನ್ನೂ ಮರೆತು ಕಣ್ಣು ಒರೆಸಿಕೊಂಡಳು.

"ವಿದ್ಯಾ, ಬರವಲ್ಲ ಅಂವ. ಮೊದ್ಲ ಬರ್ತಿದ್ದ. ಈಗ ಕಣ್ಣು ಮುಚ್ಚಿದ್ರ ಇವನ ಬರ್ತಾನ."

ಹತ್ತಿಮತ್ತೂರಿನ ಶಿವಬಸವ್ವ ಕೂಡ ಹೀಗೇ ನೋಡಿ ನೋಡಿ ಈ ಮುಖವನ್ನೇ ಗಂಡನದೆಂದು ನಂಬಿರಬೇಕು. ಎರಡು ವರ್ಷದವಳಿದ್ದಾಗ ಅಪ್ಪನನ್ನು ಕಳೆದುಕೊಂಡದ್ದು ವಿದ್ಯಾಶ್ರೀಯ ತಪ್ಪಾಗಿರಲಿಲ್ಲ. ಈಗ ತಾಯಿಯ ಕಣ್ಣೊಳಗೆ ಉಳಿದಿದ್ದವನನ್ನು ತಾನೇ ಕೈಯಾರೆ ಅಳಿಸಿದ್ದಳು. ತಾಯಿಯ ಕಣ್ಣಿಗೆ ತಣ್ಣೀರು ಹಾಕಿ ತೊಳೆದಳು, ಸೆರಗಿನಿಂದ ಒರೆಸಿದಳು.

ಮೂಲೆಯಲ್ಲಿಟ್ಟಿದ್ದ ಫೋನು ಟಿಂಗೆನ್ನುತ್ತಲೇ ಇತ್ತು. ಗುಂಪಿನಲ್ಲಿ ಇನ್ನೂ ನಗೆ ನಡೆದಿತ್ತು. ನದೀಮ ಮಾತ್ರ ನಕ್ಕಿರಲಿಲ್ಲ. ಅವಳು ಗೋಡೆಯ ಮೇಲಿನ ಫೋಟೋವನ್ನು ಹಾರದ ಸಮೇತ ಫೋನಿನಲ್ಲಿ ಸೆರೆಹಿಡಿದು ಗುಂಪಿಗೆ ಕಳಿಸಿ, ಕೆಳಗೆ ಬರೆದಳು.

"ಇದು ಮೂರನೇದು, ನಮ್ಮ ಮನಿದು. ನಾ ಕೊಟ್ಟ ಲಿಂಕ್ ಯಾರೂ ಬಳಸಬ್ಯಾಡ್ರಿ. ಯಾರ್ಯಾರಿಗೆ ಮಾಡಿ ಕೊಟ್ಟೀರಿ, ಇವತ್ತ ಅವರ ಮನಿಗೆ ಹೋಗಿ ಇಳಿಸಿ ಬರ್ರಿ. ಖರೇ ಮಾರಿ ನೆನಪಿದ್ದವ್ರು ಇನ್ನೂ ಅದಾರ. ನಾಳೆ ಇರೂದಿಲ್ಲ."