ಭಾನುವಾರದ ಪಾಳಿ

ಅಲ್ಝೈಮರ್ ಹಿಡಿದ ಅಮ್ಮನ ತೋಳಿನಿಂದ ಚಿಟಿಕೆ ಚರ್ಮ ತೆಗೆದು, ಅದನ್ನು ಕಾಂಡಕೋಶವಾಗಿಸಿ, ಅದರಿಂದ ಮಿದುಳಿನ ಕೋಶ ಬೆಳೆಸುತ್ತಿದ್ದಳು ಕಿರಿಮಗಳು. ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಅನ್ನಿಸಿಕೊಂಡು ಏಳು ವರ್ಷ, ವರ್ಷಕ್ಕೊಂದು ಕರಾರು. ಕೋಶಗಳಿಗೆ ದಿನಾ ಹೊಸ ಪೋಷಕ ದ್ರವ ಹಾಕಬೇಕು. ಒಂದು ದಿನ ತಪ್ಪಿದರೂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಾಗಂತ ಆ ಕೋಶ ಬೆಳೆಯುವ ತಟ್ಟೆಗಳಿಗೆ ಇನ್ನೊಬ್ಬರ ಕೈ ಸೋಕಲೂ ಬಿಡುತ್ತಿರಲಿಲ್ಲ ಮಹಾರಾಯ್ತಿ.

"ಭಾನುವಾರವಾದ್ರೂ ಬಾರೇ, ಅಮ್ಮ ನನ್ನ ಕೈತುತ್ತು ಮುಟ್ತಿಲ್ಲ, ನಿನ್ನನ್ನೇ ಹುಡುಕ್ತಾಳೆ" ಅಂತ ಅಕ್ಕ ಕರೆದಾಗಲೆಲ್ಲ, "ಇವಕ್ಕೆ ಯಾರು ಹಾಕ್ತಾರೆ?" ಅನ್ನುತ್ತಿದ್ದಳು.

ಅಮ್ಮ ತೀರಿಕೊಂಡ ಸುದ್ದಿಗೆ ಇದ್ದ ಹಾಗೇ ಎದ್ದು ಹೋದವಳು ನಾಲ್ಕನೇ ದಿನ ಲ್ಯಾಬಿಗೆ ಬಂದರೆ ಕೋಶಗಳು ನಳನಳಿಸುತ್ತಿದ್ದವು.

"ನೀನಿಲ್ಲ ಅಂತ ನಾನೇ ಹಾಕಿದೆ" ಅಂದ ಪಕ್ಕದ ಮೇಜಿನವನು. "ಹತ್ತು ನಿಮಿಷದ ಕೆಲಸ. ಒಂದು ಮಾತು ಹೇಳಿದ್ದಿದ್ರೆ ಪ್ರತಿ ಭಾನುವಾರ ಹಾಕ್ತಿದ್ದೆ."