ಅರವತ್ತು ಇಂಚಿನ ಮೇಲೊಂದು ಗೇಣು

ಒಂದೇ ಮೀನು ಹದಿನಾರು ಗಾಜುಗಳಲ್ಲಿ ಒಮ್ಮೆಲೇ ಬಾಲ ತಿರುಗಿಸಿತು, ಹಳದಿ ಮೀನು, ಅಂಚಿಗೆ ಕಪ್ಪು ಪಟ್ಟಿ, ಆ ಬಣ್ಣದ ಸಾಟಿನ್ ಬಟ್ಟೆ ಒಂದು ಕಾಲಕ್ಕೆ ಬಹಳ ಬರುತ್ತಿತ್ತು, ಈಗ ಯಾರೂ ತರುವುದಿಲ್ಲ, ಸಣ್ಣ ಟಿವಿಯಲ್ಲಿ ಅಂಗೈಯಷ್ಟು ಮೀನು, ಆ ತುದಿಯ ದೊಡ್ಡದರಲ್ಲಿ ಮೊಳದಷ್ಟು, ಇದರಲ್ಲಿ ಮೀನಿನ ಖರೇ ಅಳತೆ ಯಾವುದೋ ಎಂದುಕೊಳ್ಳುತ್ತ ಗೌಸಮೊದ್ದೀನ ಕೊರಳಿಗೆ ಕೈ ಹಾಕಿದ, ಟೇಪು ಅಲ್ಲೇ ಇತ್ತು. ಇವತ್ತೂ ಟೇಪು ಹಾಕಿಕೊಂಡೇ ಬಂದುಬಿಟ್ಟಿದ್ದಾನೆ, ಹಳೇ ಹುಬ್ಬಳ್ಳಿಯ ತನ್ನ ಹೊಲಿಗೆ ಅಂಗಡಿಯಿಂದ ಈ ದೇಶಪಾಂಡೆ ನಗರದ ಟಿವಿ ಅಂಗಡಿಯವರೆಗೆ, ಸಿಟಿ ಬಸ್ಸಿನಲ್ಲಿ, ಮಂದಿ ನೋಡಿ ನಕ್ಕಿರಬೇಕು, ನಗಲಿ, ಮೂವತ್ತೊಂದು ವರ್ಷದಿಂದ ಈ ಕೊರಳಿಗೆ ಬಿದ್ದ ಟೇಪು, ನಾನು ಕರಿಮಣಿ ಆದ್ರೂ ಜಳಕಕ್ಕ ತಗದಿಡ್ತೇನಿ, ನೀವು ಇದನ್ನ ತಗಿಯಂಗಿಲ್ಲಲ್ರಿ ಎಂದು ಹೆಂಡತಿ ಮಾಬೂಬಿ ಅಣಕಿಸುತ್ತಿದ್ದಳು, ಅವಳು ಅಣಕಿಸಿ ಎಷ್ಟು ದಿನವಾಯಿತು. ಬರ್ರಿ ಕಾಕಾ, ಇವತ್ತರ ಆರಿಸ್ತೀರೋ ಇಲ್ಲೋ ಎಂದು ಟಿವಿ ತೋರಿಸುವ ಯಂಕಣ್ಣ ನಕ್ಕ, ಒಳ್ಳೆಯ ಮನುಷ್ಯ, ಅಂಗಿಯ ಹೊಲಿಗೆ ಮಾತ್ರ ಕೆಟ್ಟದ್ದು, ಎಡಭುಜ ಅರ್ಧ ಇಂಚು ಕೆಳಗಿಳಿದಿದೆ, ಹೇಳಬೇಕು ಅನಿಸುತ್ತದೆ, ಹೇಳುವುದಿಲ್ಲ, ಎಂಟು ದಿನದಲ್ಲಿ ಇದು ನಾಲ್ಕನೆಯ ಸಲ ಬರುತ್ತಿರುವುದು, ಅವನ ಸಹನೆಯನ್ನೂ ಮೆಚ್ಚಬೇಕು.

ಇಪ್ಪತ್ತೊಂದು ಐತ್ರಿ, ಇಪ್ಪತ್ತೊಂಬತ್ತು ಐತ್ರಿ, ಇದು ಹೊಸಾದು ಮೂವತ್ತೆರಡು, ತೆಳ್ಳಂದು, ಗ್ವಾಡಿಗೆ ತೂಗಹಾಕೂದು, ಯಂಕಣ್ಣ ಮತ್ತೆ ಮೊದಲಿಂದ ಶುರುಮಾಡಿದ್ದಾನೆ, ಆದರೆ ಗೌಸಮೊದ್ದೀನನಿಗೆ ಇಂಚು ಎಂದರೆ ಗಾಜಲ್ಲ, ಮೈ – ಮೂವತ್ತೆರಡು ಅಂದರೆ ಮದುವೆಯಾದ ವರ್ಷದ ಮಾಬೂಬಿಯ ಎದೆಸುತ್ತು, ನಾಚಿಕೆಗೆ ಉಸಿರು ಹಿಡಿದು ನಿಂತಿದ್ದಳು, ಉಸಿರು ಬಿಡು, ಇಲ್ಲಾಂದ್ರ ಜಂಪರ್ ಬಿಗೀತೈತಿ ಎಂದು ಗದರಿಸಿದ್ದ, ಅವಳು ನಕ್ಕುಬಿಟ್ಟಿದ್ದಳು, ಅಳತೆ ಕೆಟ್ಟು ಮತ್ತೊಮ್ಮೆ ತೆಗೆದುಕೊಳ್ಳಬೇಕಾಯಿತು. ಮಗಳು ನಾಹಿದಾ ಹುಟ್ಟಿದ ಮೇಲೆ ಮೂವತ್ತಾರು, ಆಮೇಲೆ ಮೂವತ್ತೆಂಟು, ಅಳತೆ ಪುಸ್ತಕದಲ್ಲಿ ಅವಳಿಗೆಂದೇ ಒಂದು ಹಾಳೆ ಇದೆ, ಹೊಟ್ಟೆಯಲ್ಲಿ ಗಡ್ಡೆ ಎಂದು ದವಾಖಾನೆಯವರು ಕೊಯ್ದ ಮೇಲೆ ಮೂವತ್ತನಾಲ್ಕು, ಹೋದ ತಿಂಗಳು ಜಂಪರಿನ ಎರಡೂ ಬದಿ ಹಿಡಿದು ಒಳಹೊಲಿಗೆ ಹಾಕಿದಾಗ ಇಪ್ಪತ್ತೊಂಬತ್ತು. ಆ ಅಂಕಿಯನ್ನು ಅವನು ಪುಸ್ತಕದಲ್ಲಿ ಬರೆಯಲಿಲ್ಲ, ಬರೆದರೆ ಖರೇ ಆಗಿಬಿಡುತ್ತದೆ, ಇಪ್ಪತ್ತೊಂಬತ್ತು ಬ್ಯಾಡ ಎಂದ ಜೋರಾಗಿ, ಯಂಕಣ್ಣ ಬೆಚ್ಚಿ ಆತು ಬಿಡ್ರಿ, ಇಪ್ಪತ್ತೊಂಬತ್ತು ತೋರ್ಸಂಗಿಲ್ಲ ಅಂದ, ಆದರೂ ಕಾಕಾ, ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಖೋಲಿ ಇದ್ದಷ್ಟು ಟಿವಿ ತಗೋಬೇಕ್ರಿ, ನಿಮ್ಮದು ಎಂಟು ಫೂಟಿನ ಖೋಲಿ ಅಂತೀರಿ. ಹೌದು, ಎಂಟು ಫೂಟು, ಅದರಲ್ಲಿ ಮಂಚ, ಕಾಲ ಕಡೆಗೆ ಟ್ರಂಕು, ಟ್ರಂಕಿನ ಮೇಲೆ ಹಳೆಯ ಟಿವಿ.

ಹಳೆಯದು ಹದಿನಾಲ್ಕು ಇಂಚಿನದು, ಕಪ್ಪು ಬಿಳುಪು, ತೊಂಬತ್ತಮೂರರಲ್ಲಿ ತಂದದ್ದು, ಇದು ಎರಡು ಸಾವಿರದ ಎಂಟು, ಹದಿನೈದು ವರ್ಷವಾಯಿತು, ಆಗ ಓಣಿಯ ಮಂದಿಯೆಲ್ಲ ರವಿವಾರ ಆ ಎಂಟು ಫೂಟಿನಲ್ಲೇ ತುಂಬಿಕೊಳ್ಳುತ್ತಿದ್ದರು, ಯಾರ ಮಂಡಿ ಯಾರ ಬೆನ್ನಿಗೋ, ಪಕ್ಕದ ಮನೆಯ ಹುಸೇನಬಿ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ತಂದ ದಿನವೇ ಧೂಳಾದೀತೆಂದು ಟಿವಿಗೆ ಒಂದು ಅಂಗಿ ಹೊಲಿಯಲು ಕೂತಿದ್ದ, ಗಿರಾಕಿಯೊಬ್ಬರ ಹಳದಿ ಸಾಟಿನ್ ಉಳಿದಿತ್ತು, ಟೇಪು ಹಿಡಿದು ನೋಡಿದರೆ ಗಾಜು ಅಗಲಕ್ಕೆ ಬರೀ ಹನ್ನೊಂದು ಇಂಚು, ಹದಿನಾಲ್ಕು ಅಂತ ಮಾರಿ ಮೂರು ಇಂಚು ನುಂಗ್ಯಾರ, ನನಗ ಟೋಪಿ ಹಾಕ್ತಾರೇನು ಎಂದು ಟೇಪು ಬೀಸಿಕೊಂಡೇ ಅಂಗಡಿಗೆ ಹೋಗಿ ಜಗಳಕ್ಕೆ ನಿಂತಿದ್ದ, ಅಂಗಡಿಯವ ನಕ್ಕು ನಕ್ಕು ನೀರು ಕುಡಿದ, ಮೂಲಿಯಿಂದ ಮೂಲಿಗೆ ಓರೆ ಹಿಡದು ನೋಡ್ರಿ ಅಂದ, ನೋಡಿದ, ಹದಿನಾಲ್ಕೇ ಇತ್ತು. ವರ್ಷಗಟ್ಟಲೆ ಅಳೆದವನಿಗೆ ಅಳತೆ ಎಲ್ಲಿಂದ ಹಿಡಿಯಬೇಕು ಅನ್ನುವುದೇ ಗೊತ್ತಿರುವುದಿಲ್ಲ ಒಮ್ಮೊಮ್ಮೆ, ಮನೆಗೆ ಬಂದು ಹೇಳಿದರೆ ಮಾಬೂಬಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಆಮೇಲೆ ಅಂಚಿಗೆ ನಿರಿಗೆಯ ಝಾಲರು ಹಚ್ಚಿದ ಹಳದಿ ಅಂಗಿ ತೊಟ್ಟು ಕೂತ ಟಿವಿಯನ್ನು ನೋಡಿ ಅಂದಳು, ಟಿವಿಗೆ ಒಂದ ದಿನದಾಗ ಹೊಲದ್ರಿ, ನನ್ನ ಜಂಪರ್ ರಂಜಾನಿಗೆ ಕೊಟ್ಟಿದ್ದು ಇನ್ನೂ ಕತ್ತರಿ ಕಂಡಿಲ್ಲ. ಖರೇ ಮಾತು, ಹಬ್ಬದ ಹಿಂದಿನ ದಿನದವರೆಗೂ ಮಂದಿಯ ಬಟ್ಟೆ, ಅವಳದು ಯಾವಾಗಲೂ ಕೊನೆಗೆ, ದರ್ಜಿ ಹೆಂಡ್ತಿಗೆ ಹಬ್ಬದ ಮರುದಿನಾನ ಹಬ್ಬ ಎಂದು ಓಣಿಯ ಹೆಂಗಸರ ಮುಂದೆ ತಾನೇ ಹೇಳಿ ನಗುತ್ತಿದ್ದಳು, ಅವನೂ ನಗುತ್ತಿದ್ದ, ಉಳಿದ ಸಾಟಿನ್ ಚೂರನ್ನು ಅವಳು ಕೌದಿಗೆ ಹಚ್ಚಿಕೊಂಡಳು, ಈಗ ಅವಳು ಹೊದ್ದಿರುವುದು ಅದೇ ಕೌದಿ.

ಇನ್ನ ಮನ್ಯಾಗ ಇಟ್ಕೊಂಡು ಛಲೋತ್ನಂಗ ನೋಡ್ಕೊಳ್ರಿ ಎಂದು ಡಾಕ್ಟರ್ ಅಂದಾಗ ಅವನಿಗೆ ಅರ್ಥವಾಗಿತ್ತು, ಅವಳಿಗೂ, ಮನೆ ಮುಟ್ಟಿದ ಮೇಲೆ ಅವಳು ಕೇಳಿದ್ದು ಒಂದೇ, ನಾಹಿದಾನ ಲಗ್ನದ ಸಿಡಿ ನೋಡಬೇಕು. ಮಗಳ ನಿಕಾಹ್ ಆದ ದಿನ ಅವಳು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದಳು, ದಿನ ಮುಂದಕ್ಕ ಹಾಕೂಣು ಎಂದರೆ ತಾನೇ ಒಪ್ಪಲಿಲ್ಲ, ಕೆಲಗೇರಿಯ ಬೀಗರು ಛಲೋ ಮಂದಿ, ಕಾಯಸಬ್ಯಾಡ್ರಿ ಅಂದಳು, ಮಗಳು ಗುರುವಾರಕ್ಕೊಮ್ಮೆ ಬಂದು ತಲೆ ಬಾಚಿ ಹೋಗುತ್ತಾಳೆ, ಆದರೆ ಮದುಮಗಳಾಗಿ ಕೂತ ಮಗಳನ್ನು ತಾಯಿ ಕಂಡೇ ಇಲ್ಲ. ಹುಸೇನಬಿಯ ಮನೆಯ ಪ್ಲೇಯರ್ ತಂದು ಸಿಡಿ ಹಾಕಿದರು, ಹಳೆಯ ಟಿವಿಯಲ್ಲಿ ಕೆಂಪು ದುಪಟ್ಟಾ ಬೂದಿಬಣ್ಣ, ಮುಖ ಹೆಬ್ಬೆರಳಷ್ಟು, ಆಕಿ ಕಬೂಲ್ ಅನ್ನೋ ಮುಂದ ತಲಿ ಎತ್ತಿ ಯಾರನ್ನೋ ನೋಡಿದ್ಳಲ್ರಿ, ಯಾರನ್ನ ಎಂದು ಮಾಬೂಬಿ ಕೇಳಿದಳು, ಅವನಿಗೆ ಗೊತ್ತಿತ್ತು, ಬಾಗಿಲನ್ನು ನೋಡಿದ್ದಳು ಹುಡುಗಿ, ತಾಯಿ ಎದ್ದು ಬಂದಾಳೇನೋ ಎಂದು, ಆದರೆ ಅವನು ದೊಡ್ಡ ಟಿವಿ ತರ್ತೇನಿ, ನೀನ ನೋಡೀಯಂತ ಅಂದುಬಿಟ್ಟ. ಹಂಗಾರ ಪೋರಿ ಮಾರಿ ಪೋರಿಯ ಖರೇ ಮಾರಿಯಷ್ಟ ಕಾಣಬೇಕು ನೋಡ್ರಿ, ಕೈ ಇಟ್ಟು ಸವರಬೇಕು ಅನಸಬೇಕು, ಅಂದಳು, ಅವತ್ತೇ ಅಂಗಡಿಗೆ ಬಂದ, ಎಷ್ಟು ದೂರದಿಂದ ನೋಡ್ತಾರ್ರಿ ಎಂದು ಯಂಕಣ್ಣ ಕೇಳಿದ, ಅಳೆಯಲೆಂದು ಮನೆಗೆ ತಿರುಗಿ ಹೋಗಿ ಟೇಪಿನ ಒಂದು ತುದಿಯನ್ನು ಟಿವಿಯ ಗಾಜಿಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಹಾಸಿಗೆಯ ಮೇಲೆ ಎಸೆದ, ಅವಳು ದಿಂಬಿಗೆ ಒರಗಿ ಕೂತಿದ್ದಳು, ನನ್ನ ಅಳತಿ ಯಾಕ್ರಿ ಈಗ, ಮುಂದ ಉಡೂ ಬಟ್ಟಿಗೆ ಹೊಲಿಗಿ ಬೇಕಾಗಿಲ್ಲಲ್ಲ ಅಂದಳು, ತಮಾಷೆಗೇ ಅಂದಳು. ಹೆಣಕ್ಕೆ ಸುತ್ತುವ ಕಫನಿಗೆ ಹೊಲಿಗೆ ಇಲ್ಲ, ಊರಿಗೆಲ್ಲ ಹೊಲಿದವನಿಗೆ ಅವತ್ತು ಸೂಜಿ ಹಿಡಿಯುವ ಕೆಲಸವೂ ಇಲ್ಲ, ಅದನ್ನು ಯೋಚಿಸಬಾರದು ಎಂದುಕೊಂಡ, ಹುಚ್ಚಿ, ಟಿವಿಗೆ ಅಳ್ಯಾಕತ್ತೇನಿ, ತುದಿ ಹಿಡಿ ಎಂದ. ದರ್ಜಿಯ ಟೇಪು ಅರವತ್ತೇ ಇಂಚು, ಅವಳನ್ನು ಮುಟ್ಟಲಿಲ್ಲ, ಅದರ ತಗಡಿನ ತುದಿ ಕೌದಿಯ ಹಳದಿ ತುಂಡಿನ ಮೇಲೆ ನಿಂತುಬಿಟ್ಟಿತು, ಅಲ್ಲಿಂದ ಮುಂದೆ ಅವಳು ಕೈ ಚಾಚಿ ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು ಹಾಕಿದಳು, ನಿಮ್ಮ ಟೇಪ್ ಯಾವಾಗ ನನ್ನ ಮಟಾ ಬಂದೈತಿ, ಇಲ್ಲಿಂದ ಒಂದು ಗೇಣು, ಬರ್ಕೋರಿ. ಅವಳ ಹಾಳೆಯಲ್ಲೇ ಬರೆದುಕೊಂಡ, ಅರವತ್ತು ಇಂಚು, ಮೇಲೊಂದು ಗೇಣು.

ಇವತ್ತರ ಸಿಡಿ ತಂದೀರಲ್ಲ, ಕೊಡ್ರಿ, ಇಪ್ಪತ್ತೊಂದು ಮೂವತ್ತೆರಡು ಎರಡರಾಗೂ ಹಾಕಿ ತೋರಿಸ್ತೇನಿ, ನಿಮ್ಮ ಸಂಶಯ ಹರೀತೈತಿ ಎಂದು ಯಂಕಣ್ಣ ಕೈ ಚಾಚಿದ, ಮೀನು ಹೋಯಿತು, ಮೂವತ್ತೆರಡರಲ್ಲಿ ಕೆಂಪು ಬಂತು, ಕೆಂಪಿನ ನಡುವೆ ನಾಹಿದಾ, ತಲೆ ತಗ್ಗಿಸಿದ್ದಾಳೆ, ಈಗ ಎತ್ತುತ್ತಾಳೆ, ನಿಲ್ಲಸ್ರಿ, ಅಲ್ಲೇ ನಿಲ್ಲಸ್ರಿ – ಅವನು ಟೇಪು ತೆಗೆದು ಗಾಜಿಗೆ ಹಿಡಿದ, ಹಣೆಯಿಂದ ಗದ್ದಕ್ಕೆ ಏಳು ಇಂಚು, ಖರೇ ನಾಹಿದಾನಷ್ಟೇ, ಮಾಬೂಬಿ ಕೇಳಿದಷ್ಟೇ, ಆದರೆ ಕಣ್ಣು ಎಲ್ಲಿ, ಕಣ್ಣಿದ್ದಲ್ಲಿ ನಾಲ್ಕು ಕಂದು ಚೌಕ, ತುಟಿ ಒಂದು ಕೆಂಪು ಮೆಟ್ಟಿಲು, ಏನಾತ್ರಿ ಇದು. ಚುಕ್ಕಿ ಸಾಲೂದಿಲ್ರಿ ಕಾಕಾ, ಈ ಟಿವಿಯಾಗ ಹತ್ತು ಲಕ್ಷ ಚುಕ್ಕಿ ಅದಾವು, ನಿಮ್ಮ ಸಿಡಿಯಾಗಿನ ಚಿತ್ರಕ್ಕ ಒಂದ ಲಕ್ಷ, ಉಳಿದದ್ದನ್ನ ಇದು ತಾನ ಎಳದು ತುಂಬಿಸ್ತೈತಿ, ಯಂಕಣ್ಣ ತಾಳ್ಮೆಯಿಂದ ಹೇಳಿದ, ಗೌಸಮೊದ್ದೀನನಿಗೆ ತಟ್ಟನೆ ತಿಳಿಯಿತು, ಮಗುವಿನ ಬಟ್ಟೆಯನ್ನು ದೊಡ್ಡವರ ಮೈಗೆ ಎಳೆದು ತೊಡಿಸಿದರೆ ಎಳೆ ಬಿಡುತ್ತದಲ್ಲ, ಹಾಗೆ. ಇಪ್ಪತ್ತೊಂದರಲ್ಲಿ ಹಾಕಿದರು, ಮುಖ ಐದು ಇಂಚಿಗೆ ಇಳಿಯಿತು, ಆದರೆ ಕಣ್ಣು ಕಣ್ಣಾಯಿತು, ರೆಪ್ಪೆಯ ಒದ್ದೆಯೂ ಕಂಡಿತು, ಬಾಗಿಲ ಕಡೆ ನೋಡುವ ನೋಟವೂ ಕಂಡಿತು, ಅವನು ಮುಖ ತಿರುಗಿಸಿದ. ಮೊದಲ ದಿನವೇ ಸಿಡಿ ತಂದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು, ತರಲಿಲ್ಲ, ಮರೆತೆ ಅಂದ, ಮರೆತಿರಲಿಲ್ಲ, ಒಮ್ಮೆ ಬಣ್ಣ, ಒಮ್ಮೆ ಸ್ಪೀಕರ್, ಒಮ್ಮೆ ಶುಕ್ರವಾರದ ನಮಾಜು, ಎಂಟು ದಿನ ನೆಪ ಹುಡುಕಿದ, ಬಟ್ಟೆ ಹೊಲಿದು ಮುಗಿಸಿದರೆ ಗಿರಾಕಿ ಒಯ್ದುಬಿಡುತ್ತಾರೆ, ಟಿವಿ ತಂದು ಸಿಡಿ ತೋರಿಸಿಬಿಟ್ಟರೆ ಅವಳಿಗಾಗಿ ಮಾಡಲು ಇನ್ನೇನು ಉಳಿಯುತ್ತದೆ, ಅವಳಾದರೂ ಯಾಕೆ ಉಳಿಯುತ್ತಾಳೆ, ಆ ಹೆದರಿಕೆ, ಅಷ್ಟೇ, ಗಂಡಸು ಅದನ್ನು ಯಾರ ಮುಂದೆ ಹೇಳಬೇಕು. ಇಪ್ಪತ್ತೊಂದ ಕೊಡ್ರಿ ಎಂದ.

ನಾ ಮೊದಲಿಂದ ಅದನ್ನ ಹೇಳಾಕತ್ತಿದ್ದೆ ನೋಡ್ರಿ, ಯಂಕಣ್ಣ ಪಾವತಿ ಪುಸ್ತಕ ಎಳೆದುಕೊಂಡ, ಸ್ಟ್ಯಾಂಡ್ ಎತ್ತರದ್ದು ಕೊಡ್ಲೋ ಗಿಡ್ಡಂದೋ, ಕುಂತು ನೋಡವರಿಗೆ ಗಿಡ್ಡಂದ ಛಲೋ, ಕಾಕೂ ಕುಂತ ನೋಡ್ತಾರಲ್ರಿ. ಹೂಂ, ಕುಂತ ಎಂದ ಗೌಸಮೊದ್ದೀನ, ಕುಂತ – ಮಾಬೂಬಿ ಕೂತದ್ದು ಯಾವಾಗ, ನಿನ್ನೆ ಇಲ್ಲ, ಮೊನ್ನೆ ಹುಸೇನಬಿ ಎರಡು ದಿಂಬು ಕೊಟ್ಟು ಎತ್ತಿ ಕೂರಿಸಿದರೆ ಹಸಿ ಬಟ್ಟೆಯ ಹಾಗೆ ಜಾರಿಬಿಟ್ಟಳು, ದಿಂಬು ತಗೀ ಬೇ, ಉಸಿರು ಹತ್ತಾಕತ್ತೈತಿ ಅಂದಳು, ತೆಗೆದರು, ಇವತ್ತು ಮುಂಜಾನೆ ಗಂಜಿಯನ್ನು ಚಮಚದಲ್ಲಿ ಹುಸೇನಬಿಯೇ ಬಿಟ್ಟಳು, ಮಾಬೂಬಿ ಅಂಗಾತ ಮಲಗಿ ಹಂಚು ನೋಡುತ್ತಿದ್ದಳು, ಅವನು ಬಾಗಿಲಲ್ಲಿ ನಿಂತು ಟಿವಿ ತರಾಕ ಹೊಂಟೇನಿ ಅಂದ, ಅವಳು ಕಣ್ಣು ಈ ಕಡೆ ತಿರುಗಿಸಲಿಲ್ಲ, ಇದನ್ನೆಲ್ಲ ಕಂಡೂ ಕಾಣದವನಂತೆ ಬಸ್ಸು ಹತ್ತಿ ಬಂದಿದ್ದಾನೆ, ಎಂಟು ದಿನದ ಹಿಂದೆ ಕೂತಿದ್ದವಳ ಅಳತೆ ನೆಚ್ಚಿಕೊಂಡು. ಹಳೇ ಅಳತಿಗೆ ಹೊಸಾ ಬಟ್ಟಿ ಹೊಲೀಬಾರದಲೇ, ಮೈ ದಿನಕ್ಕೊಂದು ಆಗಿರತೈತಿ, ಕೆಲಸ ಕಲಿಸಿದ ಲಾಲಸಾಬ ಉಸ್ತಾದ ಮೊದಲ ದಿನ ಕೋಲಿನಿಂದ ಬೆರಳಿಗೆ ಹೊಡೆದು ಹೇಳಿದ ಮಾತು, ಗಿರಾಕಿಗಳ ಮಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ, ಹೆಂಡತಿಯ ಅಳತೆಯಲ್ಲಿ ತಪ್ಪಿದ. ಅಂಗಾತ ಮಲಗಿದವಳಿಗೆ ಟ್ರಂಕಿನ ಮೇಲಿನದು ಹೇಗೆ ಕಾಣಬೇಕು, ತನ್ನ ಪಾದದ ಗುಡ್ಡೆಯೇ ಅಡ್ಡ, ಇಪ್ಪತ್ತೊಂದಾದರೇನು ಮೂವತ್ತೆರಡಾದರೇನು, ದರ್ಜಿ ಹೆಂಡ್ತಿಗೆ ಹಬ್ಬದ ಮರುದಿನಾನ ಹಬ್ಬ. ಮಲಗಿ ನೋಡೂದಾದ್ರ ಹೆಂಗ್ರಿ ಎಂದು ಕೇಳಿದ. ಯಂಕಣ್ಣ ಬರೆಯುವುದು ಬಿಟ್ಟು ತಲೆ ಎತ್ತಿದ, ಮಲಗಿ ಆದ್ರ ಬ್ಯಾರೆ ಆಕ್ಕೈತ್ರಿ ಕಾಕಾ, ಮಂಚದ ಬಾಜೂಕ ಇಡಬೇಕು, ಇನ್ನೊಮ್ಮೆ ಅಳತಿ ತಗೊಂಡು ಬರ್ರಿ, ಎಷ್ಟೊತ್ತಿನ ಮಾತು, ಒಂದು ತುದಿ ನೀವು ಹಿಡೀರಿ, ಇನ್ನೊಂದು ಕಡೆ ಅವರು ಹಿಡೀತಾರ. ಹಿಡೀತಾರ ಎಂದ ಗೌಸಮೊದ್ದೀನ, ಮೀನು ಮತ್ತೆ ಹದಿನಾರು ಗಾಜುಗಳಿಗೂ ಬಂತು, ಹಳದಿ, ಹಳದಿ ಸಾಟಿನ್, ಟೇಪು ಅವನ ಕೈಯಲ್ಲಿತ್ತು, ಸುತ್ತಬೇಕೆಂದುಕೊಂಡ, ಸುತ್ತಲಾಗಲಿಲ್ಲ, ಕಣ್ಣ ಮುಂದೆ ಮನೆಯ ಮಂಚ, ತಗಡಿನ ತುದಿ ಹಳದಿ ತುಂಡಿನ ಮೇಲೆ, ಅಲ್ಲಿಂದ ಮುಂದೆ ಒಂದು ಗೇಣು, ಒಂದು ಗೇಣು ಬರೀ ಕೌದಿ, ಇನ್ನೊಮ್ಮೆ ನೋಡಿದ, ತಗಡಿನ ತುದಿ, ಹಳದಿ ತುಂಡು, ಒಂದು ಗೇಣು ಕೌದಿ, ಅದರ ಮೇಲೆ ಗೇಣು ಹಾಕುವ ಕೈ ಇಲ್ಲ.